ಮೇರು ಪರ್ವತದ ತಪ್ಪಲಿನಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ

ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಹಲವು ವರ್ಷ ದಂತ ತಪಾಸಣಾ ಶಿಬಿರಗಳನ್ನು ನಡೆಸಿದ ನನಗೆ ಕಂದು ಕಲೆಯ ಹಲ್ಲುಗಳು ಹೊಸವಲ್ಲ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಮೈಗೆ ಫ್ಲೋರೈಡ್ ಎಂಬ ಲವಣ ಅತಿಯಾಗಿ ಸೇರಿದರೆ ಇಂಥ ಕಲೆ ಮೂಡುತ್ತದೆ; ನಮ್ಮಲ್ಲಿ ಅದು ಬರುವುದು ಹೆಚ್ಚಾಗಿ ಕೊಳವೆಬಾವಿಯ ನೀರಿನಿಂದ. ಮಗುವಿನ ಬಾಯಿ ತೆರೆಸಿ ನೋಡಿದ ಕೂಡಲೇ ‘ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ?’ ಎಂದು ಕೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹೀಗಾಗಿ ಉತ್ತರ ಟಾಂಜಾನಿಯಾದ ಅರುಷಾ ಪ್ರದೇಶದಲ್ಲಿ, ಮೇರು ಪರ್ವತದ ತಪ್ಪಲಿನ ಹಳ್ಳಿ ಕ್ಲಿನಿಕ್ಕೊಂದಕ್ಕೆ ಎರಡು ವಾರಗಳ ಸ್ವಯಂಸೇವೆಗೆಂದು ಹೊರಟಾಗ, ಸ್ವಾಹಿಲಿ ಭಾಷೆಯೊಂದನ್ನು ಬಿಟ್ಟರೆ ಅಲ್ಲಿ ನಾನು ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲವೆಂದೇ ನಂಬಿದ್ದೆ.

ಕ್ಲಿನಿಕ್ಕಿನಲ್ಲಿದ್ದದ್ದು ಎರಡು ಕೋಣೆ. ಒಂದರಲ್ಲಿ ಜ್ವರ, ರಕ್ತದೊತ್ತಡ, ಗರ್ಭಿಣಿಯರ ತಪಾಸಣೆ; ಇನ್ನೊಂದರಲ್ಲಿ ನಾನು ಮತ್ತು ಅಲ್ಲಿನ ದಂತ ಚಿಕಿತ್ಸಾ ಸಹಾಯಕಿ. ವಿದ್ಯುತ್ತನ್ನು ನಂಬುವಂತಿರಲಿಲ್ಲವಾದ್ದರಿಂದ ಹುಳುಕನ್ನು ಕೈ ಉಪಕರಣಗಳಿಂದಲೇ ಕೆರೆದು ತೆಗೆದು, ಹಲ್ಲಿಗೆ ಅಂಟಿಕೊಳ್ಳುವ ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟ್ ತುಂಬುತ್ತಿದ್ದೆವು. ಈ ವಿಧಾನ 1980ರ ದಶಕದಲ್ಲಿ ಮೊದಲು ಬಳಕೆಗೆ ಬಂದದ್ದು ಟಾಂಜಾನಿಯಾದಲ್ಲೇ ಎಂಬುದನ್ನು ನೆನೆದಾಗ ಆ ಪುಟ್ಟ ಕೋಣೆಯ ಬಗ್ಗೆ ಗೌರವ ಮೂಡುತ್ತಿತ್ತು.

ಮೇರು ಜ್ವಾಲಾಮುಖಿ ಪರ್ವತ. ಅದರ ಬಂಡೆಗಳ ನಡುವೆ ಇಳಿದು ಬರುವ ಅನೇಕ ಊಟೆಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಬಹಳವಾಗಿ ಮೀರುತ್ತದೆ. ಇದನ್ನು ಓದಿಕೊಂಡೇ ಹೋಗಿದ್ದೆ.

ಮೂರನೆಯ ದಿನ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದರು. ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಇನ್ನೊಂದು ಕೂಸು ಮಲಗಿತ್ತು. ಹುಡುಗನ ಮೇಲಿನ ಮುಂಬಲ್ಲುಗಳ ಮೇಲೆ ಸುಣ್ಣ ಬಳಿದಂತಹ ಅಡ್ಡಗೆರೆಗಳೂ ಅವುಗಳ ನಡುವೆ ಕಂದು ಮಚ್ಚೆಗಳೂ ಇದ್ದವು. ನೀರಿನ ಬಗ್ಗೆ ಕೇಳಿದೆ. ಮನೆಯಲ್ಲಿ ಮಳೆನೀರಿನ ತೊಟ್ಟಿಯಿದೆ, ಹುಟ್ಟಿದಾಗಿನಿಂದ ಮಗನಿಗೆ ಕುಡಿಯಲು ಅದನ್ನೇ ಕೊಟ್ಟಿದ್ದೇವೆ ಎಂದರು. ನಾನು ನಂಬಲಿಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ ಎಂದು ದುಭಾಷಿಯ ಮೂಲಕ ಉದ್ದಕ್ಕೆ ವಿವರಿಸಿದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನಿಜ ಹೇಳಿದವರನ್ನು ಹಾಗೆ ತಲೆ ತಗ್ಗಿಸುವಂತೆ ಮಾಡಿದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಆಗ ಸಹಾಯಕಿ ಮೃದುವಾಗಿ, ‘ಮಾಮಾ, ಕಾಳಿಗೆ ಮಗಾಡಿ ಹಾಕುತ್ತೀರಾ?’ ಎಂದು ಕೇಳಿದರು. ತಾಯಂದಿರನ್ನು ಅಲ್ಲಿ ಗೌರವದಿಂದ ಮಾಮಾ ಎನ್ನುತ್ತಾರೆ. ಕೆಂಪೇಗೌಡರ ಮಾಗಡಿಯ ಹೆಸರೇ ಕಿವಿಗೆ ಬಿದ್ದಂತಾಗಿ ನಾನು ತಲೆಯೆತ್ತಿದೆ. ಮಗಾಡಿ ಎಂದರೆ ಸೋಡಾ ಸರೋವರಗಳ ದಡದಲ್ಲೂ ಬತ್ತಿದ ನೆಲದಲ್ಲೂ ಕಟ್ಟುವ ಬೂದುಬಿಳುಪಿನ ಕ್ಷಾರದ ಹರಳು. ನಮ್ಮಲ್ಲಿ ಕಡಲೆಕಾಳಿಗೆ ಚಿಟಿಕೆ ಸೋಡಾ ಹಾಕುವಂತೆ, ಜೋಳ ಮತ್ತು ಹುರುಳಿಕಾಯಿಯ ಬೀಜ ಬೇಯಿಸುವ ‘ಮಕಾಂಡೆ’ಗೆ ಇದನ್ನು ಹಾಕುತ್ತಾರೆ, ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ. ಅದರಲ್ಲಿ ಫ್ಲೋರೈಡ್ ಧಾರಾಳವಾಗಿ ಇರಬಹುದು. ಮುಂಬಲ್ಲುಗಳ ಎನಾಮಲ್, ಅಂದರೆ ಗಟ್ಟಿ ಹೊರಪದರ, ಕಟ್ಟುವ ಮೊದಲ ಮೂರು ನಾಲ್ಕು ವರ್ಷಗಳಲ್ಲೇ ಆ ಹುಡುಗ ಅದನ್ನು ಉಣ್ಣತೊಡಗಿದ್ದ.

‘ಮಗಾಡಿ ಬಿಡಿ’ ಎಂದು ನಾನಾಗಿದ್ದರೆ ಹೇಳಿ ಮುಗಿಸುತ್ತಿದ್ದೆ. ಸಹಾಯಕಿ ಹಾಗೆ ಮಾಡಲಿಲ್ಲ. ಸೌದೆ ಎಲ್ಲಿಂದ ತರುತ್ತೀರಿ, ಎಷ್ಟು ಜನರಿಗೆ ಅಡುಗೆ ಎಂದು ವಿಚಾರಿಸಿ, ಕಾಳನ್ನು ರಾತ್ರಿಯೇ ನೆನೆಹಾಕಿದರೆ ಸೌದೆ ಅಷ್ಟು ಹೆಚ್ಚು ಬೇಡವೆಂದೂ, ಹಿರಿಯರು ಹಟ ಹಿಡಿದರೆ ಬೆನ್ನ ಮೇಲಿನ ಕೂಸಿನ ಪಾಲನ್ನಾದರೂ ಬೇರೆ ಪಾತ್ರೆಯಲ್ಲಿ ಬೇಯಿಸಿರೆಂದೂ ತಿಳಿಸಿದರು. ಹುಡುಗನ ಕಲೆ ಇನ್ನು ಹೋಗದಿದ್ದರೂ ಕೂಸಿನ ಕಾಯಂ ಹಲ್ಲುಗಳನ್ನು ಉಳಿಸಿಕೊಳ್ಳಬಹುದಿತ್ತು. ಮತ್ತೆ ಬರಬೇಕಾದ ತಿಂಗಳನ್ನು ಅವರು ಪುಸ್ತಕದಲ್ಲಿ ಬರೆದುಕೊಂಡಾಗ, ಆ ಹೊತ್ತಿಗೆ ಅಲ್ಲಿರುವವರು ಅವರೇ ಹೊರತು ನಾನಲ್ಲ ಎಂಬುದು ಮನಸ್ಸಿಗೆ ನಾಟಿತು. ಉಳಿದ ದಿನಗಳಲ್ಲಿ ರೋಗಿಗಳನ್ನು ಮೊದಲು ಮಾತನಾಡಿಸುವ ಕೆಲಸವನ್ನು ಅವರಿಗೇ ಬಿಟ್ಟೆ.

ಊರಿಗೆ ಮರಳಿದ ಮೇಲೆ ನಮ್ಮ ಶಿಬಿರದ ನಮೂನೆಯಲ್ಲಿ ನೀರಿನ ಮೂಲದ ಕೆಳಗೆ, ಮಗುವಿಗೆ ನೀರಲ್ಲದೆ ಏನೇನು ಕುಡಿಸುತ್ತೀರಿ, ತಿನ್ನಿಸುತ್ತೀರಿ ಎಂಬ ಸಾಲೊಂದನ್ನು ಸೇರಿಸಿದ್ದೇನೆ. ಟೀ ಎಲೆಯಲ್ಲೂ ಫ್ಲೋರೈಡ್ ಇರುತ್ತದೆ. ಎರಡು ವರ್ಷದ ಮೊಮ್ಮಗಳಿಗೆ ಬೆಳಿಗ್ಗೆ, ಸಂಜೆ ಲೋಟದ ತುಂಬ ಟೀ ಕುಡಿಸುತ್ತಿದ್ದ ಅಜ್ಜಿಯೊಬ್ಬರು, ಆ ಸಾಲನ್ನು ಓದಿ ಕೇಳಿದಾಗಲೇ ವಿಷಯ ತಿಳಿಸಿದರು.