ಕಪ್ಪು ಹಲಗೆಯ ಮೇಲೆ ನಾಲ್ಕು ಗಂಡು, ನಾಲ್ಕು ಹೆಣ್ಣು

1992ರ ಅಕ್ಟೋಬರಿನಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಗ್ಯಾರಿ ಬೆಕರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಾಗ ನಾನು ದಾವಣಗೆರೆಯಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೆ. ಪತ್ರಿಕೆಯನ್ನು ಹಾಜರಿ ಪುಸ್ತಕದೊಳಗೆ ಮಡಚಿಟ್ಟುಕೊಂಡು ಬಂದ ನಮ್ಮ ಮೇಷ್ಟ್ರು, ಮದುವೆಯನ್ನೂ ಲಾಭ-ವೆಚ್ಚದ ಲೆಕ್ಕದಲ್ಲಿ ವಿವರಿಸಬಹುದೆಂದು ಈ ಮನುಷ್ಯ 1973ರಲ್ಲಿಯೇ ಬರೆದಿದ್ದಾನೆ ಎಂದೊಡನೆ ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕನೆ ನಕ್ಕ. ಮೇಷ್ಟ್ರು ಬೈಯಲಿಲ್ಲ. ಅಂದು ನಡೆಯಬೇಕಿದ್ದ ಏಕಸ್ವಾಮ್ಯದ ಪಾಠವನ್ನು ಬದಿಗಿಟ್ಟು ಸೀಮೆಸುಣ್ಣ ಕೈಗೆತ್ತಿಕೊಂಡರು.

ಹಲಗೆಯ ಎಡಕ್ಕೆ ಅ, ಆ, ಇ, ಈ ಎಂಬ ನಾಲ್ಕು ಗಂಡುಗಳು. ಬಲಕ್ಕೆ ಕ, ಖ, ಗ, ಘ ಎಂಬ ನಾಲ್ಕು ಹೆಣ್ಣುಗಳು. ಪ್ರತಿಯೊಬ್ಬರ ಮುಂದೆ ಅವರವರ ಇಷ್ಟದ ಕ್ರಮ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ತೋರಿಸಿಕೊಟ್ಟ ವಿಧಾನವದು. ಪ್ರತಿ ಗಂಡೂ ತನಗೆ ಎಲ್ಲರಿಗಿಂತ ಹಿಡಿಸಿದವಳನ್ನು ಕೇಳುತ್ತಾನೆ. ಹೆಣ್ಣು ಬಂದವರಲ್ಲಿ ಮೇಲೆನಿಸಿದವನನ್ನು ಉಳಿಸಿಕೊಂಡು ಮಿಕ್ಕವರನ್ನು ಕಳುಹಿಸುತ್ತಾಳೆ, ಉಳಿಸಿಕೊಂಡವನಿಗೂ ಇನ್ನೂ ಮಾತು ಕೊಡುವುದಿಲ್ಲ. ಹಿಂದಿರುಗಿದವರು ತಮ್ಮ ಮುಂದಿನ ಆಯ್ಕೆಯ ಬಳಿ ಹೋಗುತ್ತಾರೆ. ಕೇಳುವವರೆಲ್ಲ ಮುಗಿದ ಮೇಲೆಯೇ ಒಪ್ಪಿಗೆ. ಹೀಗೆ ಕೂಡಿಸಿದರೆ, ತಮ್ಮ ತಮ್ಮ ಜೋಡಿಯನ್ನು ಬಿಟ್ಟು ಒಬ್ಬರೊಡನೊಬ್ಬರು ಓಡಿಹೋಗಲು ಬಯಸುವ ಇಬ್ಬರು ಎಲ್ಲಿಯೂ ಉಳಿಯುವುದಿಲ್ಲ. ಎರಡನೆಯ ಸುತ್ತಿನಲ್ಲಿ 'ಗ' ಕೈಬಿಟ್ಟ 'ಆ'ನನ್ನು ಮೇಷ್ಟ್ರು ಕಿರುಬೆರಳಿನಿಂದ ಮೆಲ್ಲಗೆ ಒರೆಸಿದಾಗ ಹುಡುಗರೆಲ್ಲ 'ಅಯ್ಯೋ' ಎಂದದ್ದು ಇನ್ನೂ ಕಿವಿಯಲ್ಲಿದೆ.

ಆ ಬೇಸಿಗೆಯಲ್ಲಷ್ಟೇ ನನ್ನನ್ನು ನೋಡಲು ಮೂರು ಮನೆಯವರು ಬಂದು, ಉಪ್ಪಿಟ್ಟು ಕೇಸರಿಬಾತ್ ತಿಂದು, ತಿಳಿಸುತ್ತೇವೆ ಎಂದು ಹೋಗಿದ್ದರು. (ಯಾರೂ ತಿಳಿಸಲಿಲ್ಲ.) ಅದಕ್ಕೇ ಇರಬೇಕು, ಎದ್ದು ನಿಂತು, "ಸರ್, ಇದರಲ್ಲಿ ಕೇಳುವವರಿಗೇ ಹೆಚ್ಚು ಅನುಕೂಲ ಅಲ್ಲವೇ?" ಎಂದೆ. ಮೇಷ್ಟ್ರು ಹಲಗೆಯನ್ನು ಪೂರ್ತಿ ಒರೆಸಿ, ಈ ಸಲ ಹೆಣ್ಣುಗಳೇ ಕೇಳುವಂತೆ ಮೊದಲಿನಿಂದ ಬಿಡಿಸಿದರು. ಜೋಡಿಗಳು ಬದಲಾದವು; ಹೆಣ್ಣುಗಳಿಗೆ ಮೊದಲಿಗಿಂತ ಮೆಚ್ಚಿನವರು ಸಿಕ್ಕಿದರು. "ಅನುಕೂಲವೇ. ನೀನೂ ಕೇಳುವುದನ್ನು ಕಲಿಯಮ್ಮ" ಎಂದರು. 2012ರಲ್ಲಿ ಶೇಪ್ಲಿಯವರಿಗೆ ನೊಬೆಲ್ ಬರುವ ಹೊತ್ತಿಗೆ ಗೇಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸುದ್ದಿ ಹೇಳಿಕೊಳ್ಳಲು ನಮ್ಮ ಮೇಷ್ಟ್ರೂ ಇರಲಿಲ್ಲ.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ ಅವರ 1989ರ ಲೇಖನ ಕೈಗೆ ಸಿಕ್ಕಿತು. ನಮ್ಮ ದೇಶದ ಮಳೆಯಾಶ್ರಿತ ಹಳ್ಳಿಗಳ ರೈತರು ಹೆಣ್ಣುಮಕ್ಕಳನ್ನು ದೂರದೂರಿಗೆ ಕೊಡುವುದರಲ್ಲಿ ಒಂದು ವಿಮೆ ಅಡಗಿದೆ, ಇಲ್ಲಿ ಮಳೆ ಕೈಕೊಟ್ಟ ವರ್ಷ ಬೀಗರ ಊರಿನಲ್ಲಿ ಬಂದಿರಬಹುದು ಎಂಬುದು ಅದರ ಸಾರ. ತೀರ್ಥಹಳ್ಳಿ ಕಡೆಯಿಂದ ಜಗಳೂರಿನ ಬಯಲಿಗೆ ಸೊಸೆಯಾಗಿ ಬಂದ ಅಮ್ಮನಿಗೆ ಬರಗಾಲದ ವರ್ಷಗಳಲ್ಲಿ ತವರಿನ ಅಕ್ಕಿ ಮೂಟೆ ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದುದು ನೆನಪಾಗಿ, ರಜೆಗೆ ಹೋದಾಗ ಆ ಲೇಖನವನ್ನು ಉತ್ಸಾಹದಿಂದ ವಿವರಿಸಿದೆ. ಅಮ್ಮ ಮೊರದಿಂದ ತಲೆಯೆತ್ತದೆ, "ಕೊಟ್ಟಿದ್ದು ಅದಕ್ಕೇ ಇರಬಹುದು. ನಿಮ್ಮಪ್ಪನ ಜೊತೆ ಇದ್ದದ್ದು ಅಕ್ಕಿಗಲ್ಲ" ಎಂದಳು.

ಅಲ್ಲಿಯವರೆಗೆ ನಾನು ಓದಿದ್ದೆಲ್ಲ ಮದುವೆಯ ವಿಚಾರವೇ ಹೊರತು ಪ್ರೀತಿಯದ್ದಲ್ಲ ಎಂಬುದು ನನಗೆ ಹೊಳೆದದ್ದು ಆಗ. ಪ್ರೀತಿಯನ್ನು ನೇರವಾಗಿ ಮುಟ್ಟಿದ ಅರ್ಥಶಾಸ್ತ್ರಜ್ಞರಲ್ಲಿ ನನಗೆ ಒಪ್ಪಿಗೆಯಾದವರು ರಾಬರ್ಟ್ ಫ್ರಾಂಕ್. ಗುಣ ಎಣಿಸಿ ಬಂದವನು ಹೆಚ್ಚು ಗುಣದವಳು ಕಂಡ ದಿನ ಹೊರಡಬಹುದು. ಯಾಕೆಂದು ತನಗೇ ಹೇಳಲಾಗದೆ ಬಂದವನನ್ನು ನಂಬಬಹುದು. ಹೀಗಾಗಿ ಲೆಕ್ಕಕ್ಕೆ ಸಿಗದಿರುವುದೇ ಪ್ರೀತಿಯ ಉಪಯೋಗ ಎಂಬುದು ಅವರು 1988ರಲ್ಲಿ ಮಂಡಿಸಿದ ವಾದದ ತಿರುಳು. ಬೆಕರ್ ಅವರ ಸಮೀಕರಣಗಳಿಗಿಂತ ಇದು ನನಗೆ ಹತ್ತಿರವಾಗಲು ಸ್ವಂತ ಕಾರಣವೂ ಇತ್ತು. ಅದೇ ಹಿಂದಿನ ಬೆಂಚಿನ ನಗುವಿನ ಹುಡುಗನ ಬಗ್ಗೆ ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ಜಮಾ, ಖರ್ಚು ಎಂದು ಬರೆದಿದ್ದೆ. ಖರ್ಚಿನ ಕಡೆ ಬೇರೆ ಜಾತಿ, ನೌಕರಿಯಿಲ್ಲ, ಮದುವೆಯಾಗದ ಇಬ್ಬರು ತಂಗಿಯರು ಎಂದು ಪುಟ ತುಂಬಿತ್ತು. ಜಮಾದ ಕಡೆ ಇದ್ದದ್ದು, ನಗುವಾಗ ಕಣ್ಣು ಮುಚ್ಚುತ್ತಾನೆ ಎಂಬ ಒಂದೇ ಸಾಲು.

1996ರಲ್ಲಿ ಬಸ್ ನಿಲ್ದಾಣದಲ್ಲಿ ನಿಂತು ಕೇಳಿದೆ. ಅವರು ಗೇಲ್ ಮತ್ತು ಶೇಪ್ಲಿಯವರ ವಿಧಾನದಂತೆಯೇ, ಇಲ್ಲವೆನ್ನದೆ, ಹೂಂ ಎನ್ನದೆ ಹನ್ನೊಂದು ದಿನ ನನ್ನನ್ನು ಕಾಯಿಸಿದರು. ಲಗ್ನಪತ್ರಿಕೆ ಕೊಡಲು ಇಬ್ಬರೂ ಮೇಷ್ಟ್ರ ಮನೆಗೆ ಹೋದಾಗ ಅವರು ಹೆಸರುಗಳನ್ನು ಓದಿ, ಕನ್ನಡಕ ತೆಗೆದು, "ಕೇಳಿದ್ದು ಯಾರು?" ಎಂದರು.

"ನಾನೇ ಸರ್" ಎಂದೆ.