ಮರಳಿ ಬಂದರೆ ಭೌತ, ಬಾರದಿದ್ದರೆ ರಾಸಾಯನಿಕವೇ?

ಅಲ್ಲ. ನಾನು ವಿಜ್ಞಾನದ ಶಿಕ್ಷಕಿಯೆಂದು ತಿಳಿದೊಡನೆ ಮಕ್ಕಳ ತಂದೆತಾಯಂದಿರು ಭೌತ ಮತ್ತು ರಾಸಾಯನಿಕ ಬದಲಾವಣೆಗಳ ಬಗ್ಗೆ ಕೇಳುವ ಪ್ರಶ್ನೆ ಇದು. "ಕರಗಿದ ಮಂಜುಗಡ್ಡೆ ಮತ್ತೆ ಗಟ್ಟಿಯಾಗುತ್ತದೆ, ಸುಟ್ಟ ಕಾಗದ ಮತ್ತೆ ಕಾಗದವಾಗುವುದಿಲ್ಲ, ಇಷ್ಟೇ ತಾನೇ ಮೇಡಂ?" ಎನ್ನುವವರಿಗೆ ಬೇಕಿರುವುದು ನನ್ನ ಒಪ್ಪಿಗೆ ಮಾತ್ರ, ಮತ್ತು ಅದನ್ನು ನಾನು ಕೊಡುವುದಿಲ್ಲ.

ರಾಗಿಯನ್ನು ಬೀಸಿದ ಮೇಲೆ ಕಾಳನ್ನು ಮರಳಿ ಪಡೆದವರಿಲ್ಲ. ಆದರೂ ಅದು ಭೌತ ಬದಲಾವಣೆಯೇ, ಏಕೆಂದರೆ ಕಾಳಿನಲ್ಲಿದ್ದ ಪಿಷ್ಟವೇ ಹಿಟ್ಟಿನಲ್ಲಿಯೂ ಇದೆ. ನೀಲಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟನ್ನು) ಕಾಯಿಸಿದರೆ ಹರಳಿನೊಳಗಿನ ನೀರು ಹೋಗಿ ಬಿಳಿಯ ಪುಡಿ ಉಳಿಯುತ್ತದೆ, ನಾಲ್ಕು ಹನಿ ನೀರು ಬಿದ್ದರೆ ನೀಲಿ ಮರಳುತ್ತದೆ. ಬಿಳಿಯ ಪುಡಿ ಬೇರೆಯೇ ವಸ್ತುವಾದ್ದರಿಂದ ಇದನ್ನು ರಾಸಾಯನಿಕ ಬದಲಾವಣೆಯೆಂದೇ ಎಣಿಸುತ್ತೇವೆ.

ಒಮ್ಮೆ ಮದುವೆಯ ಊಟ ಮುಗಿದ ಮೇಲೆ ಹಿರಿಯರೊಬ್ಬರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಇದೇ ನಿಯಮವನ್ನು ನನಗೇ ಬೋಧಿಸಿದರು. ಅದಕ್ಕೆ ವಿರುದ್ಧವಾದ ಸಾಕ್ಷಿ ಅವರ ಬೆರಳಿಗೇ ಅಂಟಿತ್ತು. ಶುದ್ಧ ಸುಣ್ಣದ ಕಲ್ಲನ್ನು 100 ಗ್ರಾಂ ತೆಗೆದುಕೊಂಡು ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ; ನೀರು ಹಾಕಿದರೆ ಅದು ಬಿಸಿಯೇರಿ ಅರಳುತ್ತದೆ; ಅರಳಿದ್ದನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ನೀರನ್ನು ಬಿಟ್ಟು, ನಿಧಾನವಾಗಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎಂದರೆ ಮೊದಲು ಕಲ್ಲಿನಲ್ಲಿದ್ದ ವಸ್ತುವೇ ಆಗುತ್ತದೆ. ಹೊರಟಲ್ಲಿಗೇ ಬಂದು ಸೇರುವ ಈ ಸುತ್ತಿನ ಮೂರು ಹಂತಗಳೂ ರಾಸಾಯನಿಕ. ಎಲ್ಲವನ್ನೂ ಕೇಳಿಸಿಕೊಂಡ ಅವರು, "ಪರೀಕ್ಷೆಗೆ ಇಷ್ಟೆಲ್ಲ ಬೇಡವಲ್ಲ" ಎಂದು ಎಲೆಯನ್ನು ಬಾಯಿಗಿಟ್ಟುಕೊಂಡರು.

ಉಳಿದ 44 ಗ್ರಾಂ ಎಲ್ಲಿ ಹೋಯಿತು ಎಂದು ಅವರು ಕೇಳಿದ್ದರೆ ನಾನು ಎರಡನೆಯ ಪಂಕ್ತಿ ಏಳುವವರೆಗೂ ಕುಳಿತು ಹೇಳುತ್ತಿದ್ದೆ. ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಕ್ಕಡಿಯನ್ನು ನಂಬಿ ವಾದಿಸಿದ್ದು ಇದನ್ನೇ: ಸುಡುವಾಗ ಕಲ್ಲು ಕಳೆದುಕೊಳ್ಳುವ ತೂಕ ಒಂದು ಅನಿಲದ್ದು. ಹೊಸ ವಸ್ತು ಹುಟ್ಟಿತೇ, ಹುಟ್ಟಿತೆಂದು ಹೇಗೆ ಗೊತ್ತು ಎಂಬುದೇ ಕೇಳಬೇಕಾದ ಪ್ರಶ್ನೆ. ಗುಳ್ಳೆ, ಬಣ್ಣ, ಬಿಸಿ ಇವೆಲ್ಲ ಸುಳಿವುಗಳಷ್ಟೇ. ಒಲೆಯ ಮೇಲೆ ಕುದಿಯುವ ನೀರಿನಲ್ಲಿಯೂ ಗುಳ್ಳೆಗಳಿರುತ್ತವೆ.

ಇನ್ನು, ನೀರಿನಲ್ಲಿ ಕರಗಿದ ಉಪ್ಪು. ಹರಳಿನಲ್ಲಿದ್ದ ಅಯಾನುಗಳೇ, ಎಂದರೆ ವಿದ್ಯುದಾವೇಶವುಳ್ಳ ಕಣಗಳೇ, ಬಿಡಿಬಿಡಿಯಾಗಿ ನೀರಿನ ಅಣುಗಳ ನಡುವೆ ಸೇರುತ್ತವೆ. ಅವುಗಳ ನಡುವಿನ ಬಂಧ ಕಳಚುವುದರಿಂದ ಇದನ್ನು ಭೌತ ಎನ್ನಬಹುದೇ ಎಂಬ ತಕರಾರು ರಸಾಯನ ಓದಿದವರಲ್ಲಿಯೂ ಇದೆ. ಶಾಲೆಯ ಪರೀಕ್ಷೆಯಲ್ಲಿ ಮಗು ಭೌತವೆಂದೇ ಬರೆಯಲಿ, ಅಂಕ ಸಿಗುತ್ತದೆ. "ನೀರು ಆರಿದರೆ ಉಪ್ಪು ಮರಳಿ ಸಿಗುತ್ತದೆ" ಎಂಬುದಷ್ಟನ್ನೇ ಕಾರಣವಾಗಿ ಬರೆದಿದ್ದರೆ ಮಾತ್ರ, ಉತ್ತರಪತ್ರಿಕೆ ನನ್ನ ಕೈಗೆ ಬಂದಾಗ, ಅರ್ಧ ಅಂಕ ಕಳೆಯುತ್ತೇನೆ.