ಕಾರಿಲ್ಲದೆ ಚಳಿಗಾಲದಲ್ಲಿ ಯಾವ ಊರಿಗೆ ಹೋಗೋದು?

"ಚಳಿಗಾಲದಲ್ಲಿ ಮೂರ್ನಾಲ್ಕು ದಿನ ಯಾವುದಾದರೂ ಒಳ್ಳೆ ಊರಿಗೆ ಹೋಗಬೇಕು. ಕಾರು ಇಲ್ಲ, ಬಾಡಿಗೆಗೂ ತಗೊಳ್ಳಲ್ಲ. ಎಲ್ಲಿಗೆ ಹೋಗಲಿ ಹೇಳಿ." ನನಗೆ ಡ್ರೈವಿಂಗ್ ಬರುವುದಿಲ್ಲ, ಆದರೂ ಚಳಿಗಾಲದಲ್ಲೇ ಊರು ಸುತ್ತುತ್ತೇನೆ ಅಂತ ಗೊತ್ತಿರುವ ಎಲ್ಲರೂ ಇದನ್ನು ಕೇಳುತ್ತಾರೆ. ಕೇಳಲಿ, ಸಂತೋಷ. ಆದರೆ ಊರಿನ ಹೆಸರು ಬಾಯಿಂದ ಬಿದ್ದ ತಕ್ಷಣ ಫೋನ್ ತೆಗೆದು ಫೋಟೋ ಹುಡುಕಲು ಶುರು ಮಾಡುತ್ತಾರೆ. ಮುಂದಿನ ಮಾತು ಯಾರಿಗೂ ಬೇಡ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಫೋಟೋ ಆಮೇಲೆ ನೋಡಿ. ಮೊದಲು ವಿಮಾನ ಎಲ್ಲಿ ಇಳಿಯುತ್ತೆ, ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ನೋಡಿ. ಕಾರಿಲ್ಲದವರ ಪ್ರವಾಸ ಕೆಡುವುದು ನಡುವೆ ಅಲ್ಲ, ತಲುಪುವ ಕೊನೆಯ ಒಂದು ಗಂಟೆಯಲ್ಲಿ. ರಾತ್ರಿ ಹನ್ನೊಂದು, ಸೊನ್ನೆಗಿಂತ ಕೆಳಗಿನ ಚಳಿ, ಕೈಯಲ್ಲಿ ಸೂಟ್‌ಕೇಸ್, ಕೊನೆಯ ಬಸ್ಸು ಹೊರಟುಹೋಗಿದೆ. ಬೇಸಿಗೆಯಲ್ಲಾದರೆ ಇದು ಆಮೇಲೆ ಹೇಳಿಕೊಳ್ಳುವ ಕಥೆ. ಚಳಿಗಾಲದಲ್ಲಿ ಹಾಗಲ್ಲ.

ಅದಕ್ಕೇ ನನ್ನ ಪಟ್ಟಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಮೊದಲ ಜಾಗ. ಅಲ್ಲಿ ಮೆಟ್ರೋ ವಿಮಾನ ನಿಲ್ದಾಣಕ್ಕೇ ಬರುತ್ತದೆ. ಹಗಲು ರಾತ್ರಿ ನಿಲ್ಲದೆ ಓಡುತ್ತದೆ. ಕಾಲು ಗಂಟೆಯಲ್ಲಿ ಊರ ನಡುವೆ ಇರುತ್ತೀರಿ. ಲಕ್ಸೆಂಬರ್ಗ್ ಇನ್ನೂ ಸಲೀಸು. 2020ರಿಂದ ಇಡೀ ದೇಶದಲ್ಲೇ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲಾ ಉಚಿತ, ಬೇರೆ ದೇಶದಿಂದ ಬಂದವರಿಗೂ. ಟಿಕೆಟ್ ಮಷಿನ್ ಮುಂದೆ ನಿಂತು ಗ್ಲೌಸ್ ಬಿಚ್ಚಿ, ಮರಗಟ್ಟಿದ ಬೆರಳಲ್ಲಿ ಗುಂಡಿ ಒತ್ತುವ ಕೆಲಸವೇ ಇಲ್ಲ.

ಇದರ ಉಲ್ಟಾ ಕೂಡ ಇದೆ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಹಿಗ್ಗುವ ಮೊದಲು ಮ್ಯಾಪ್ ನೋಡಿ. ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ಅನ್ನುವ ನಿಲ್ದಾಣ ಸ್ಟಾಕ್‌ಹೋಮ್‌ನಿಂದ ಸುಮಾರು 100 ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹಾನ್ ಸುಮಾರು 120. ಹೆಸರು ನಗರದ್ದು, ಜಾಗ ಮಾತ್ರ ಎಲ್ಲೋ ಕಾಡಿನ ಪಕ್ಕ.

ಈಗ ನನಗೆ ನಿಜಕ್ಕೂ ಸಿಟ್ಟು ತರಿಸುವ ಮಾತಿಗೆ ಬರುತ್ತೇನೆ. ಪ್ರಶ್ನೆ ಕೇಳುವಾಗ ಬಹಳ ಜನ "ಪಾಪ" ಅಂತ ಸೇರಿಸುತ್ತಾರೆ. "ಪಾಪ, ಕಾರಿಲ್ಲದೆ ಆ ಚಳೀಲಿ ಹೇಗೆ ಸುಧಾರಿಸ್ತೀರಿ?" ಒಮ್ಮೆ ಊಟಕ್ಕೆ ಕೂತಾಗ ಪರಿಚಯದವರೊಬ್ಬರು ಹತ್ತು ಜನರ ಎದುರು ಹೀಗೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟರು. "ಕಾರಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ನೋಡಿ." ಸ್ವಲ್ಪ ಹೊತ್ತಿಗೆ ತಾವೇ ಹೋಗಿಬಂದ ಪ್ರವಾಸದ ಸುದ್ದಿ ತೆಗೆದರು. ಬೆಳಗ್ಗೆ ಎದ್ದು ಗಾಜಿನ ಮೇಲಿನ ಮಂಜುಗಡ್ಡೆ ಕೆರೆದದ್ದು, ಪಾರ್ಕಿಂಗ್ ಹುಡುಕಿ ಹುಡುಕಿ ಸುತ್ತು ಹೊಡೆದದ್ದು, ಕತ್ತಲಾಗುತ್ತೆ ಅಂತ ಮಧ್ಯಾಹ್ನವೇ ವಾಪಸ್ ಹೊರಟದ್ದು, ಹೆಂಡತಿ ಮಕ್ಕಳು ಕಿಟಕಿಯಿಂದ ನೋಡಿದ್ದೆಲ್ಲವನ್ನೂ ತಾವೊಬ್ಬರು ನೋಡದೆ ರಸ್ತೆ ನೋಡಿದ್ದು. ಇಷ್ಟನ್ನೂ ಅವರೇ ಹೇಳಿದರು. ನಾನು ಸುಮ್ನೆ ಕೇಳಿಸಿಕೊಂಡೆ. ಈಗ ಹೇಳಿ, ಪಾಪ ಅನ್ನಬೇಕಾದ್ದು ಯಾರಿಗೆ?

ಹಳ್ಳಿಗಾಡು, ಬೆಟ್ಟ, ಕಡಲತೀರ ನೋಡಲು ಕಾರು ಬೇಕಾಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹಳೆಯ ನಗರಗಳಲ್ಲಿ ಅದು ಹೊರೆ. ಫ್ಲಾರೆನ್ಸ್‌ನಂಥ ಇಟಲಿಯ ಊರುಗಳಲ್ಲಿ ನಡು ಪೇಟೆಗೆ ಹೊರಗಿನ ಕಾರು ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ಮನೆಗೆ ಬರುತ್ತದೆ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದ ಹಳೆ ಊರಿಗೆ ಕಾರಿಗೆ ಪ್ರವೇಶವೇ ಇಲ್ಲ. ನೋಡಬೇಕಾದ್ದೆಲ್ಲ ಕಾರು ಹೋಗದ ಕಡೆಯೇ ಇದೆ ಅಂದ ಮೇಲೆ ಕಾರಿಲ್ಲದವರು ಕಳೆದುಕೊಳ್ಳುವುದೇನು?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕತ್ತಲಾದ ಮೇಲೆ ಆ ಊರಲ್ಲಿ ಏನು ಮಾಡ್ತೀರಿ?

ಚಳಿಗಾಲದ ಊರನ್ನು ಆರಿಸಬೇಕಾದ್ದು ಇದರ ಮೇಲೆಯೇ. ಡಿಸೆಂಬರ್ ಕೊನೆಗೆ ಕೋಪನ್‌ಹೇಗನ್‌ನಲ್ಲಿ ಮಧ್ಯಾಹ್ನ ಮೂರು ಮುಕ್ಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ನಾರ್ವೆಯ ಉತ್ತರದ ಟ್ರೊಮ್ಸೋದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅದೇ ದಿನಗಳಲ್ಲಿ ಸ್ಪೇನಿನ ಸೆವಿಲ್ಲಾದಲ್ಲಿ ಸಂಜೆ ಆರರವರೆಗೂ ಬೆಳಕಿರುತ್ತದೆ. ಬೆಳಗಾಗುವುದು ಮಾತ್ರ ಎಂಟೂವರೆಗೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ ಬಿಡಿ. ಬೀದಿ ಬೀದಿ ನಡೆಯುವುದೇ ನಿಮಗೆ ಖುಷಿ ಅಂದರೆ ಸೆವಿಲ್ಲಾಗೆ ಹೋಗಿ. ಅಲ್ಲಿನ ಬೇಸಿಗೆಯ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಚಳಿಗಾಲದಲ್ಲಿ ಕಾಲು ಸೋಲುವವರೆಗೆ ನಡೆಯಬಹುದು. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರಿಗೂ ನಾನು ಅದನ್ನೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಭಯ ಇಲ್ಲ.

ಕತ್ತಲೆಯೇ ಬೇಕು, ಅದರಲ್ಲೂ ಒಂದು ಸುಖ ಇದೆ ಅನ್ನುವವರಿಗೆ ಹಂಗೇರಿಯ ಬುಡಾಪೆಸ್ಟ್. ಈ ಊರಿನ ಬಗ್ಗೆ ಮಾತು ಶುರುವಾದರೆ ನಾನು ನಿಲ್ಲಿಸುವುದಿಲ್ಲ. 1896ರಲ್ಲಿ ಶುರುವಾದ ಎಂ1 ಅನ್ನುವ ಪುಟ್ಟ ಮೆಟ್ರೋ ಇದೆ, ಯುರೋಪಿನ ಮುಖ್ಯ ಭೂಭಾಗದಲ್ಲೇ ಮೊದಲನೆಯದು. ರಸ್ತೆಯಿಂದ ಕೆಲವೇ ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್. ಗೋಡೆಗೆ ಬಿಳಿ ಟೈಲ್ಸ್, ರೈಲಿಗೆ ಹಳದಿ ಬೋಗಿಗಳು. ಅದು ಸೆಚೆನಿ ಸ್ನಾನಗೃಹದ ಹೆಸರಿನದೇ ಸ್ಟೇಷನ್‌ನಲ್ಲಿ ನಿಲ್ಲುತ್ತದೆ. 1913ರಲ್ಲಿ ತೆರೆದ ಆ ಕಟ್ಟಡದ ನಡುವೆ ಬಯಲಲ್ಲೇ ಬಿಸಿನೀರಿನ ಕೊಳಗಳಿವೆ. ನೆಲದಾಳದಿಂದ ಬರುವ ನೀರು. ಚಳಿ ಜಾಸ್ತಿಯಾದಷ್ಟೂ ಹಬೆ ದಟ್ಟವಾಗುತ್ತದೆ, ಎದುರಿಗಿರುವವರ ತಲೆ ಮಾತ್ರ ಕಾಣುತ್ತದೆ. ಬಟ್ಟೆ ಬದಲಿಸಿ ಕೊಳದವರೆಗೆ ಓಡುವ ಅಷ್ಟು ಹೊತ್ತು ಹಲ್ಲು ಕಟಕಟ ಅನ್ನುತ್ತೆ. ಕತ್ತು ಮುಳುಗುವಷ್ಟು ನೀರಿಗೆ ಇಳಿದ ಮೇಲೆ ಎದ್ದು ಬರಲು ಮನಸ್ಸೇ ಬರುವುದಿಲ್ಲ. ಸಂಜೆ ಐದಕ್ಕೆ ಅಲ್ಲಿದ್ದರೆ ಕತ್ತಲು ನಿಮ್ಮ ಕಡೆಗಿರುತ್ತದೆ. ಇದನ್ನು ಜುಲೈನಲ್ಲಿ ಹೋಗಿ ನೋಡಿದವರು ಅರ್ಧ ಮಾತ್ರ ನೋಡಿದ್ದಾರೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಿಯೆನ್ನಾ ಕೂಡ ಸಂಜೆಯ ಊರು. ಕುನ್ಸ್ಟ್‌ಹಿಸ್ಟೋರಿಷೆಸ್ ಅನ್ನುವ ಕಲಾ ಮ್ಯೂಸಿಯಂ ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹಾಡಿನ ನಾಟಕವಾಡುವ ಒಪೆರಾ ಮಂದಿರದಲ್ಲಿ ನಿಂತು ನೋಡುವವರಿಗೆ ಅಗ್ಗದ ಟಿಕೆಟ್ ಇದೆ. ಮುಗಿದ ಮೇಲೆ ಬಾಗಿಲ ಮುಂದೆಯೇ ಟ್ರಾಮು.

ಇನ್ನು "ಹಿಮ ನೋಡಬೇಕು" ಅನ್ನುವವರು. ಇವರನ್ನು ನಾನು ಜಪಾನಿನ ಸಪ್ಪೊರೊಗೆ ಕಳಿಸುತ್ತೇನೆ. ವರ್ಷಕ್ಕೆ ಐದು ಮೀಟರ್ ಹತ್ತಿರ ಹಿಮ ಬೀಳುವ ದೊಡ್ಡ ನಗರ, ಆದರೂ ಊರು ನಿಲ್ಲುವುದಿಲ್ಲ. ವಿಮಾನ ನಿಲ್ದಾಣದ ಕೆಳಗಿಂದಲೇ ರೈಲು ಹೊರಟು ಸುಮಾರು 40 ನಿಮಿಷಕ್ಕೆ ಊರು ಸೇರಿಸುತ್ತದೆ. ಸಪ್ಪೊರೊ ಸ್ಟೇಷನ್‌ನಿಂದ ಊರ ನಡುವಿನ ಓಡೋರಿ ತನಕ ನೆಲದಡಿಯಲ್ಲಿ ನಡೆದು ಹೋಗಬಹುದು, ಆ ದಾರಿ 2011ರಲ್ಲಿ ತೆರೆಯಿತು. ಫೆಬ್ರವರಿಯ ಹಿಮೋತ್ಸವ ನಡೆಯುವುದೂ ಅದೇ ಓಡೋರಿ ಪಾರ್ಕಿನಲ್ಲಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಸ್ತೆ ದಾಟುವ ಕಡೆ ಇಟ್ಟಿರುವ ಪೆಟ್ಟಿಗೆಗಳು. ಒಳಗೆ ಮರಳಿನ ಪೊಟ್ಟಣ ಇರುತ್ತವೆ. ನೆಲ ಜಾರುತ್ತಿದ್ದರೆ ಯಾರು ಬೇಕಾದರೂ ಒಂದು ತೆಗೆದು ಹರಿದು ಚೆಲ್ಲಿ ಮುಂದೆ ಹೋಗಬಹುದು. ನಡೆಯುವವರ ಬಗ್ಗೆ ಇಷ್ಟು ಯೋಚನೆ ಮಾಡಿದ ಊರಲ್ಲಿ ಕಾರಿಲ್ಲದವರು ಅತಿಥಿಗಳ ಹಾಗೆ ಇರುತ್ತಾರೆ.

ವೆನಿಸ್ ಬಗ್ಗೆಯೂ ಕೇಳುತ್ತಾರೆ. ಕಾರೇ ಇಲ್ಲದ ಊರಲ್ವಾ, ನಮಗೆ ಹೇಳಿ ಮಾಡಿಸಿದ್ದಲ್ವಾ ಅಂತ. ಹೌದು, ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ, ದೋಣಿ ಬಸ್ಸು. ಆದರೆ ಸೇತುವೆಗಳಿಗೆಲ್ಲ ಮೆಟ್ಟಿಲು. ಚಕ್ರದ ಸೂಟ್‌ಕೇಸನ್ನು ಅಲ್ಲಿ ಕೈಯಲ್ಲೇ ಎತ್ತಿಕೊಂಡು ಹೋಗಬೇಕಾಗುತ್ತದೆ. ಬೆನ್ನಿಗೆ ಹಾಕುವ ಚೀಲ ತಗೊಂಡು ಹೋಗಿ. ಸಮುದ್ರದ ನೀರು ಬೀದಿಗೆ ಏರುವ ಕಾಲವೂ ಇದೇ. 2020ರಿಂದ ಮೋಸೆ ತಡೆಗೋಡೆ ದೊಡ್ಡ ಏರಿಕೆಗಳನ್ನು ತಡೆಯುತ್ತಿದೆ, ಆದರೂ ತಗ್ಗಿನ ಜಾಗ ಒದ್ದೆಯಾಗುವ ದಿನ ಇದ್ದೇ ಇರುತ್ತದೆ. ನೀರಿಗೆ ತಡೆಯುವ ಬೂಟು ಇರಲಿ.

ತಾರೀಖಿನ ಮೇಲೂ ಕಣ್ಣಿಡಿ. ಯುರೋಪಿನ ರೈಲುಗಳ ಹೊಸ ವೇಳಾಪಟ್ಟಿ ಡಿಸೆಂಬರ್ ನಡುವೆ ಬದಲಾಗುತ್ತದೆ, ಅಕ್ಟೋಬರಿನಲ್ಲಿ ಬರೆದುಕೊಂಡ ಸಮಯ ನಂಬಬೇಡಿ. ಲಂಡನ್‌ಗೆ ಕ್ರಿಸ್‌ಮಸ್ ನೋಡಲು ಹೋಗುವವರು ಇದನ್ನು ಎರಡು ಸಲ ಓದಿ: ಡಿಸೆಂಬರ್ 25ರಂದು ಅಲ್ಲಿ ಟ್ಯೂಬ್ ಅನ್ನುವ ಮೆಟ್ರೋ ಇಲ್ಲ, ಕೆಂಪು ಬಸ್ಸೂ ಇಲ್ಲ, ರೈಲೂ ಇಲ್ಲ. ಅವತ್ತು ಬಂದಿಳಿದರೆ ಹೆಚ್ಚಾಗಿ ಟ್ಯಾಕ್ಸಿಯೇ ಗತಿ. ಒಂದು ದಿನ ಮುಂಚೆ ಹೋಗಿ, ನಡೆದು ತಲುಪುವ ದೂರದಲ್ಲಿ ರೂಮು ಹಿಡಿಯಿರಿ.

ರೂಮಿನ ಮಾತು ಬಂತು. ನೋಡುವ ಜಾಗದ ಪಕ್ಕ ಬೇಡ, ಟ್ರಾಮು ಮೆಟ್ರೋ ಸೇರುವ ಕಡೆ ಹಿಡಿಯಿರಿ. ಚಳಿಯಲ್ಲಿ ಮಧ್ಯಾಹ್ನ ಒಮ್ಮೆ ರೂಮಿಗೆ ಬಂದು ಸಾಕ್ಸ್ ಬದಲಿಸಿ, ಕಾಲು ಬೆಚ್ಚಗೆ ಮಾಡಿಕೊಂಡು ಮತ್ತೆ ಹೊರಡಬೇಕಾಗುತ್ತದೆ. ಆ ಒಂದು ಗಂಟೆ ಸಿಗದಿದ್ದರೆ ಸಂಜೆ ಪೂರ್ತಿ ಕೈತಪ್ಪುತ್ತದೆ.

ಇಷ್ಟು ಓದಿಯೂ ಕೇಳಲೇಬೇಕು ಅನ್ನಿಸಿದರೆ ಕೇಳಿ, ಖಂಡಿತ ಹೇಳುತ್ತೇನೆ. ಆದರೆ "ಎಲ್ಲಿಗೆ ಹೋಗಲಿ" ಅಂತ ಶುರು ಮಾಡಬೇಡಿ. ವಿಮಾನ ಎಷ್ಟು ಗಂಟೆಗೆ ಇಳಿಯುತ್ತೆ, ಜೊತೆಗೆ ಯಾರು ಬರ್ತಾರೆ, ಸಂಜೆ ನಾಲ್ಕಕ್ಕೆ ಕತ್ತಲಾದರೆ ನಿಮಗೆ ಏನು ಮಾಡಲು ಇಷ್ಟ, ಈ ಮೂರು ಹೇಳಿ. ಊರಿನ ಹೆಸರು ಆಮೇಲೆ ನಾನು ಹೇಳುತ್ತೇನೆ.